ಹಳೆಯ ಕಾರಿಗೆ ಇ20 ಪೆಟ್ರೋಲ್: ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು?

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಈ ಸಂದೇಶ ಬಂದಿರಬಹುದು. 2023ಕ್ಕಿಂತ ಹಳೆಯ ಕಾರಿಗೆ ಈಗಿನ ಪೆಟ್ರೋಲ್ ವಿಷ, ಕೆಲವೇ ತಿಂಗಳಲ್ಲಿ ಎಂಜಿನ್ ಕೈಕೊಡುತ್ತದೆ, ಮೈಲೇಜ್ ಮೂರನೇ ಒಂದು ಭಾಗ ಇಳಿಯುತ್ತದೆ, ವಿಮೆಯೂ ಸಿಗುವುದಿಲ್ಲ ಎಂಬುದು ಅದರ ಸಾರ. ಜೊತೆಗೆ ಒಂದು ವಿಡಿಯೊ: ಬಾಟಲಿಯಲ್ಲಿ ಪೆಟ್ರೋಲ್, ಅದರ ತಳದಲ್ಲಿ ನೀರು.

ರೋಣ, ನರಗುಂದ, ಗಜೇಂದ್ರಗಡದ ಕಡೆ ಈ ಸಂದೇಶ ಸುಮ್ಮನೆ ಓದಿ ಬಿಡುವಂಥದ್ದಲ್ಲ. ಇಲ್ಲಿ ಅನೇಕ ಮನೆಗಳಲ್ಲಿರುವುದು ಹತ್ತು-ಹದಿನೈದು ವರ್ಷದ ಸಣ್ಣ ಕಾರು: ಮಾರುತಿ 800, ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ. ರಾತ್ರಿ ಗದಗಿನ ಆಸ್ಪತ್ರೆಗೆ ಹೊರಡಬೇಕಾದರೆ ಅದೇ ಕಾರು, ಮದುವೆಗೂ ಅದೇ ಕಾರು. ಕಂಪನಿಯ ಸರ್ವೀಸ್ ಸೆಂಟರಿಗೆ ಗದಗ ಅಥವಾ ಹುಬ್ಬಳ್ಳಿಯವರೆಗೆ ಹೋಗುವ ಬದಲು ಊರಿನ ಗ್ಯಾರೇಜಿನಲ್ಲೇ ಕೆಲಸ ಮುಗಿಸುವವರು ಹೆಚ್ಚು. ಅವರೆಲ್ಲರ ಪ್ರಶ್ನೆ ಒಂದೇ: “ನಮ್ಮ ಗಾಡಿ ಹಳೇದೈತ್ರಿ, ಈ ಪೆಟ್ರೋಲ್ ಹಾಕಿಸಬೇಕೋ ಬ್ಯಾಡೋ?”

ಚಿಕ್ಕ ಉತ್ತರ: ಹಾಕಿಸಬಹುದು. ಎಂಜಿನ್ ಏಕಾಏಕಿ ಹಾಳಾಗುವುದಿಲ್ಲ. ಆದರೆ ಫಾರ್ವರ್ಡ್ ಪೂರ್ತಿ ಸುಳ್ಳೂ ಅಲ್ಲ. ಮೈಲೇಜ್ ಸ್ವಲ್ಪ ಇಳಿಯುತ್ತದೆ, ಕೆಲವು ರಬ್ಬರ್ ಭಾಗಗಳ ಮೇಲೆ ಕಣ್ಣಿಡಬೇಕು. ಒಂದೊಂದಾಗಿ ನೋಡೋಣ.

ಇ20 ಎಂದರೇನು?

ನೂರು ಲೀಟರಿನಲ್ಲಿ 80 ಲೀಟರ್ ಪೆಟ್ರೋಲ್, 20 ಲೀಟರ್ ಎಥನಾಲ್ ಇದ್ದರೆ ಅದು ಇ20. ಎಥನಾಲ್ ಒಂದು ಬಗೆಯ ಆಲ್ಕೋಹಾಲ್. ಕಬ್ಬಿನ ರಸ, ಕಾಕಂಬಿ, ಮೆಕ್ಕೆಜೋಳ, ನುಚ್ಚಕ್ಕಿಯಿಂದ ಇದನ್ನು ತಯಾರಿಸುತ್ತಾರೆ. ನಮ್ಮ ಪಕ್ಕದ ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳಲ್ಲೂ ಇದು ತಯಾರಾಗುತ್ತದೆ.

ಪೆಟ್ರೋಲಿಗೆ ಎಥನಾಲ್ ಬೆರೆಸುವುದು ನಿನ್ನೆ ಮೊನ್ನೆ ಶುರುವಾದದ್ದಲ್ಲ. 2003ರಲ್ಲೇ ಕರ್ನಾಟಕ ಸೇರಿ ಒಂಬತ್ತು ರಾಜ್ಯಗಳಲ್ಲಿ ಶೇ 5ರಷ್ಟು ಬೆರೆಸುವ ಯೋಜನೆ ಆರಂಭವಾಗಿತ್ತು. 2022ರ ಜೂನ್ ಹೊತ್ತಿಗೆ ದೇಶದ ಸರಾಸರಿ ಶೇ 10 ತಲುಪಿತು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಇ20 ಮಾರಾಟಕ್ಕೆ ಚಾಲನೆ ಸಿಕ್ಕಿತು. 2025ರ ಹೊತ್ತಿಗೆ ಅದು ದೇಶದಾದ್ಯಂತ ಬಂದಿತು.

ಅಂದರೆ ನಿಮ್ಮ ಹಳೆಯ ಕಾರು ಎಥನಾಲನ್ನು ಮೊದಲ ಸಲ ಕಾಣುತ್ತಿಲ್ಲ. ಬದಲಾಗಿರುವುದು ಪ್ರಮಾಣ. ಹೊಸ ಕಾರುಗಳ ಬಿಡಿಭಾಗಗಳು ಇ20ಕ್ಕೆ ಹೊಂದುವಂತೆ ತಯಾರಾಗುತ್ತಿರುವುದು 2023ರ ಏಪ್ರಿಲ್‌ನಿಂದ. ಹಳೆಯ ಕಾರಿನವರಿಗೆ ಬಂಕಿನಲ್ಲಿ ಬೇರೆ ಆಯ್ಕೆಯೇ ಇಲ್ಲ ಎಂಬ ದೂರು ನ್ಯಾಯವಾದದ್ದೇ. ಎಥನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯೂ ಬೇಕು ಎಂದು ಕೇಳಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಹಾಗಾಗಿ ಈಗ ನಮ್ಮ ಕೈಯಲ್ಲಿರುವುದು ಕಾರನ್ನು ಸರಿಯಾಗಿ ನೋಡಿಕೊಳ್ಳುವುದು.

ಬಾಟಲಿಯ ವಿಡಿಯೊ ತೋರಿಸುವುದೇನು?

ಪೆಟ್ರೋಲಿಗೆ ಒಂದಿಷ್ಟು ನೀರು ಹಾಕಿ ಅಲುಗಾಡಿಸುತ್ತಾರೆ. ಸ್ವಲ್ಪ ಹೊತ್ತಿಗೆ ತಳದ ಪದರ ಹಾಕಿದ ನೀರಿಗಿಂತ ಹೆಚ್ಚಾಗಿ ಕಾಣುತ್ತದೆ. ‘ನೋಡಿ, ಬಂಕಿನವರು ನೀರು ಬೆರೆಸಿದ್ದಾರೆ’ ಎನ್ನುತ್ತಾರೆ.

ನಡೆಯುವುದು ಬೇರೆ. ಎಥನಾಲಿಗೆ ಪೆಟ್ರೋಲಿಗಿಂತ ನೀರಿನ ನಂಟು ಹೆಚ್ಚು. ನೀರು ಸಾಕಷ್ಟು ಸಿಕ್ಕರೆ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿ ಕೆಳಗಿಳಿಯುತ್ತದೆ. ತಳದಲ್ಲಿ ಹೆಚ್ಚಾಗಿ ಕಂಡದ್ದು ಆ ಎಥನಾಲ್. ಅದು ಕಲಬೆರಕೆಯಲ್ಲ, ಬೆರೆಸಿದ್ದೇವೆಂದು ಸರ್ಕಾರವೇ ಹೇಳಿರುವ ಪದಾರ್ಥ.

ನೀವು ನೀರು ಹಾಕದೆಯೇ ಪೆಟ್ರೋಲಿನ ತಳದಲ್ಲಿ ಬೇರೆ ಪದರ ಕಂಡರೆ ಮಾತ್ರ ಅದು ಗಂಭೀರ. ಬಂಕಿನ ನೆಲದಡಿಯ ಟ್ಯಾಂಕಿಗೆ ನೀರು ಸೇರಿರಬಹುದು. ಅಂಥ ಪೆಟ್ರೋಲ್ ಹಾಕಿಸಿದರೆ ಗಾಡಿ ಸ್ವಲ್ಪ ದೂರದಲ್ಲೇ ನಿಲ್ಲಬಹುದು. ಬಿಲ್ ಇಟ್ಟುಕೊಂಡು ದೂರು ಕೊಡಿ. ಅನುಮಾನ ಬಂದರೆ ಬಂಕಿನಲ್ಲೇ ಫಿಲ್ಟರ್ ಪೇಪರ್ ಪರೀಕ್ಷೆ, ಐದು ಲೀಟರ್ ಅಳತೆಪಾತ್ರೆಯ ಪರೀಕ್ಷೆ, ಸಾಂದ್ರತೆಯ ಪರೀಕ್ಷೆ ಕೇಳುವ ಹಕ್ಕು ನಿಮಗಿದೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮನೆಯಲ್ಲಿ ಬಾಟಲಿಗೆ ಪೆಟ್ರೋಲ್ ತುಂಬಿ ಪ್ರಯೋಗ ಮಾಡಬೇಡಿ. ಅಡುಗೆಮನೆಯ ಒಲೆಯ ಹತ್ತಿರವಂತೂ ಬೇಡವೇ ಬೇಡ.

ಮೈಲೇಜ್ ಎಷ್ಟು ಇಳಿಯುತ್ತದೆ?

ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಸುಮಾರು ಮೂರನೇ ಎರಡು ಭಾಗ. ಈ ಲೆಕ್ಕದಲ್ಲಿ ಇ20ರಲ್ಲಿ ಶುದ್ಧ ಪೆಟ್ರೋಲಿಗಿಂತ ಸುಮಾರು ಶೇ 7ರಷ್ಟು, ಹಿಂದಿನ ಇ10ಕ್ಕಿಂತ ಸುಮಾರು ಶೇ 3.5ರಷ್ಟು ಕಡಿಮೆ ಶಕ್ತಿ ಇರುತ್ತದೆ. ನೀತಿ ಆಯೋಗದ 2021ರ ವರದಿಯೂ ಹಳೆಯ ಕಾರುಗಳಿಗೆ ಶೇ 6ರಿಂದ 7ರಷ್ಟು ಇಳಿಕೆ ಆಗಬಹುದು ಎಂದಿತ್ತು. ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ, ಇ20ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ 1-2, ಉಳಿದವುಗಳಲ್ಲಿ ಶೇ 3-6 ಎಂದು ಹೇಳಿತು.

ರೂಪಾಯಿಯಲ್ಲಿ ನೋಡೋಣ. ನಿಮ್ಮ ಕಾರು ಲೀಟರಿಗೆ 18 ಕಿ.ಮೀ. ಕೊಡುತ್ತಿತ್ತು ಎಂದುಕೊಳ್ಳಿ. ಇ10ರಿಂದ ಇ20ಕ್ಕೆ ಬಂದಾಗ ಅದು 17.4ರ ಹತ್ತಿರ ಬರುತ್ತದೆ. ತಿಂಗಳಿಗೆ 500 ಕಿ.ಮೀ. ಓಡಿಸಿದರೆ ಸುಮಾರು ಒಂದು ಲೀಟರ್ ಹೆಚ್ಚು ಬೇಕು. ಲೀಟರಿಗೆ ₹100 ಎಂದು ಹಿಡಿದರೂ ತಿಂಗಳಿಗೆ ನೂರು ರೂಪಾಯಿ. ನಷ್ಟ ಇದೆ, ಆದರೆ ಕಾರು ಮಾರಿಬಿಡುವಷ್ಟಲ್ಲ.

18 ಇದ್ದದ್ದು 13ಕ್ಕೆ ಇಳಿದಿದ್ದರೆ? ಅದಕ್ಕೆ ಪೆಟ್ರೋಲನ್ನಷ್ಟೇ ದೂರಬೇಡಿ. ಅಷ್ಟು ಇಳಿಕೆ ಎಥನಾಲಿನ ಲೆಕ್ಕಕ್ಕೆ ಕೂಡುವುದಿಲ್ಲ. ಟೈರಿನ ಗಾಳಿ, ಕಟ್ಟಿಕೊಂಡ ಏರ್ ಫಿಲ್ಟರ್, ಬಿಗಿಯಾಗಿ ಹಿಡಿದ ಬ್ರೇಕ್, ಸವೆದ ಸ್ಪಾರ್ಕ್ ಪ್ಲಗ್, ಕೆಟ್ಟ ಆಕ್ಸಿಜನ್ ಸೆನ್ಸರ್ ಇವುಗಳನ್ನು ನೋಡಿಸಿ.

ನಿಜವಾಗಿ ಕಣ್ಣಿಡಬೇಕಾದದ್ದು ರಬ್ಬರಿನ ಮೇಲೆ

ಫಾರ್ವರ್ಡ್‌ನಲ್ಲಿ ನಿಜಕ್ಕೆ ಹತ್ತಿರವಾದ ಭಾಗ ಇದು. ಎಥನಾಲ್ ಕೆಲವು ಹಳೆಯ ಬಗೆಯ ರಬ್ಬರನ್ನು ಉಬ್ಬಿಸುತ್ತದೆ, ಇಲ್ಲವೇ ಪೆಡಸು ಮಾಡಿ ಬಿರುಕು ಬಿಡಿಸುತ್ತದೆ. ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿ.ಮೀ. ಓಡಿದ ಮೇಲೆ ರಬ್ಬರ್ ಭಾಗಗಳನ್ನೂ ಗ್ಯಾಸ್ಕೆಟ್‌ಗಳನ್ನೂ ಬದಲಿಸಬೇಕಾಗಬಹುದು ಎಂದು ಸಚಿವಾಲಯವೇ ಹೇಳಿದೆ.

ಹದಿನೈದು ವರ್ಷದ ಕಾರಿನ ಪೆಟ್ರೋಲ್ ಪೈಪು ಎಥನಾಲ್ ಇಲ್ಲದಿದ್ದರೂ ಬಿಸಿಗೆ ಮುಪ್ಪಾಗಿರುತ್ತದೆ. ಬಿಸಿ ಎಂಜಿನ್ನಿನ ಪಕ್ಕದಲ್ಲಿ ಪೆಟ್ರೋಲ್ ಜಿನುಗಿದರೆ ಬೆಂಕಿಯ ಅಪಾಯ. ಈ ಲಕ್ಷಣ ಕಂಡರೆ ತಡಮಾಡಬೇಡಿ:

• ಕಾರಿನೊಳಗೆ ಅಥವಾ ಬಾನೆಟ್ ತೆಗೆದಾಗ ಪೆಟ್ರೋಲ್ ವಾಸನೆ
• ಪೈಪಿನ ಮೇಲೆ ಒದ್ದೆ, ಉಬ್ಬು ಅಥವಾ ಬಿರುಕು
• ರಾತ್ರಿ ನಿಲ್ಲಿಸಿದ ಜಾಗದಲ್ಲಿ ಹನಿಯ ಗುರುತು
• ಬೆಳಿಗ್ಗೆ ಸ್ಟಾರ್ಟ್ ಆಗಲು ತುಂಬಾ ಹೊತ್ತು

ಮುಂದಿನ ಸರ್ವೀಸಿನಲ್ಲಿ ಮೆಕ್ಯಾನಿಕ್‌ಗೆ ಟ್ಯಾಂಕಿನಿಂದ ಎಂಜಿನ್‌ವರೆಗಿನ ಪೈಪು, ಓ-ರಿಂಗ್, ಕ್ಲಿಪ್‌ಗಳನ್ನು ನೋಡಲು ಹೇಳಿ. ಬದಲಿಸುವುದಾದರೆ ಎಥನಾಲ್ ತಡೆಯುವ ಪೈಪನ್ನೇ ಕೇಳಿ. ಪೆಟ್ರೋಲ್ ಫಿಲ್ಟರನ್ನೂ ಬದಲಿಸಿ, ಏಕೆಂದರೆ ಎಥನಾಲ್ ಟ್ಯಾಂಕಿನ ಹಳೆಯ ಜಿಡ್ಡನ್ನು ಕರಗಿಸಿ ತಂದು ಅಲ್ಲಿ ಸೇರಿಸುತ್ತದೆ.

ಕಾರ್ಬ್ಯುರೇಟರ್ ಕಾರು ಇದ್ದವರು ಇನ್ನೂ ಸ್ವಲ್ಪ ಎಚ್ಚರ ವಹಿಸಬೇಕು. ಎಥನಾಲಿನೊಳಗೆ ಆಮ್ಲಜನಕ ಇರುವುದರಿಂದ ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಗಾಳಿಯ ಪಾಲು ಹೆಚ್ಚಾದಂತಾಗುತ್ತದೆ. ಆಕ್ಸಿಜನ್ ಸೆನ್ಸರ್ ಇರುವ ಎಂಪಿಎಫ್‌ಐ ಕಾರು ಇದನ್ನು ಅರಿತು ಪೆಟ್ರೋಲನ್ನು ತಾನೇ ಸ್ವಲ್ಪ ಹೆಚ್ಚಿಸಿಕೊಳ್ಳುತ್ತದೆ. ಕಾರ್ಬ್ಯುರೇಟರ್‌ಗೆ ಆ ಬುದ್ಧಿ ಇಲ್ಲ. ಪಿಕಪ್ ಇಲ್ಲದೆ ಜರ್ಕ್ ಹೊಡೆಯುತ್ತಿದ್ದರೆ ಟ್ಯೂನಿಂಗ್ ಮಾಡಿಸಿ.

ಕಾರು ವಾರಗಟ್ಟಲೆ ನಿಂತೇ ಇರುವುದಾದರೆ ಟ್ಯಾಂಕ್ ಖಾಲಿ ಬಿಡಬೇಡಿ. ಖಾಲಿ ಜಾಗದ ಗಾಳಿಯಲ್ಲಿರುವ ತೇವವನ್ನು ಎಥನಾಲ್ ಹೀರಿಕೊಳ್ಳುತ್ತದೆ. ವಾರಕ್ಕೊಮ್ಮೆಯಾದರೂ ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ.

ರೋಗಕ್ಕಿಂತ ಮದ್ದೇ ಅಪಾಯ

ಇದೇ ಫಾರ್ವರ್ಡ್‌ಗಳ ಹಿಂದೆ ‘ಪರಿಹಾರ’ಗಳೂ ಬರುತ್ತವೆ. ನಮ್ಮ ಆತಂಕ ಇರುವುದು ಇವುಗಳ ಬಗ್ಗೆ.

ಸೀಮೆಎಣ್ಣೆ, ಕರ್ಪೂರ, ನುಸಿಗುಳಿಗೆ ಬೆರೆಸುವುದು: ಬೇಡ. ಸೀಮೆಎಣ್ಣೆ ಆಕ್ಟೇನ್ ಇಳಿಸುತ್ತದೆ, ಎಂಜಿನ್ ನಾಕ್ ಮಾಡುತ್ತದೆ, ಪ್ಲಗ್‌ಗೆ ಮಸಿ ಕಟ್ಟುತ್ತದೆ. ಗುಳಿಗೆಗಳಿಂದ ಮೈಲೇಜ್ ಹೆಚ್ಚುವುದಿಲ್ಲ.

ಮನೆಯ ಗ್ಯಾಸ್ ಸಿಲಿಂಡರ್: ಅಡುಗೆ ಅನಿಲವನ್ನು ಕಾರಿಗೆ ಬಳಸುವುದು ಕಾನೂನಿಗೆ ವಿರುದ್ಧ. ಸೋರಿದರೆ ಮುಚ್ಚಿದ ಕಾರೇ ಬಾಂಬಿನಂತಾಗುತ್ತದೆ. ಗ್ಯಾಸ್ ಬೇಕೇ ಬೇಕೆಂದರೆ ಅನುಮೋದಿತ ಕಿಟ್ ಹಾಕಿಸಿ, ಆರ್‌ಸಿಯಲ್ಲಿ ನಮೂದಿಸಿ, ವಾಹನದ ಇಂಧನವನ್ನೇ ಬಳಸಬೇಕು.

ದುಬಾರಿ ಪೆಟ್ರೋಲ್: 95 ಆಕ್ಟೇನಿನ ಪ್ರೀಮಿಯಂ ಪೆಟ್ರೋಲಿನಲ್ಲೂ ಸಾಮಾನ್ಯವಾಗಿ ಎಥನಾಲ್ ಇರುತ್ತದೆ. 100 ಆಕ್ಟೇನಿನ, ಎಥನಾಲ್ ಇಲ್ಲದ ಪೆಟ್ರೋಲ್ ಸಿಗುವುದು ಕೆಲವು ನಗರಗಳಲ್ಲಿ ಮಾತ್ರ, ಬೆಲೆಯೂ ಬಹಳ ಹೆಚ್ಚು. ಆಕ್ಟೇನ್ ಎಂದರೆ ನಾಕ್ ಆಗದಂತೆ ತಡೆಯುವ ಗುಣ, ಅದು ಶಕ್ತಿಯ ಅಳತೆಯಲ್ಲ. ಹಳೆಯ ಸಣ್ಣ ಕಾರಿಗೆ ಅಷ್ಟು ಆಕ್ಟೇನ್ ಬೇಕಿಲ್ಲ. ಆ ಹಣದಲ್ಲಿ ಪೈಪು, ಫಿಲ್ಟರ್ ಬದಲಿಸಿ.

ವಿಮೆ: ಇ20 ಹಾಕಿಸಿದರೆ ವಿಮೆ ರದ್ದಾಗುತ್ತದೆ ಎಂಬುದು ಸುಳ್ಳು ಎಂದು ಸಚಿವಾಲಯ ಸ್ಪಷ್ಟಪಡಿಸಿದೆ. ಆದರೆ ಸವೆದ ಭಾಗಗಳ ಖರ್ಚನ್ನು ಸಾಮಾನ್ಯ ಪಾಲಿಸಿ ಮೊದಲಿಂದಲೂ ಕೊಡುವುದಿಲ್ಲ. ಹಳೆಯ ಪೈಪಿನ ಖರ್ಚು ನಮ್ಮದೇ.

ನಮ್ಮ ಕಡೆಯ ನಿಜವಾದ ಶತ್ರುಗಳು: ಧೂಳು, ಸವಳು ನೀರು, ಬಿಸಿಲು

ಪೆಟ್ರೋಲಿನ ಗಲಾಟೆಯಲ್ಲಿ ಇವು ಮರೆತೇ ಹೋಗುತ್ತವೆ.

ಎರೆಮಣ್ಣಿನ ಹೊಲದ ದಾರಿಯಲ್ಲಿ ಬೇಸಿಗೆಯಲ್ಲಿ ಏಳುವ ಧೂಳು ಹಿಟ್ಟಿನಷ್ಟು ನುಣುಪು. ಏರ್ ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್ನಿಗೆ ಉಸಿರು ಸಾಲದು, ಹರಿದಿದ್ದರೆ ಮಣ್ಣು ಒಳಗೇ ಹೋಗಿ ಪಿಸ್ಟನ್ ಸವೆಸುತ್ತದೆ. ಕಾಗದದ ಫಿಲ್ಟರನ್ನು ನೀರಲ್ಲಿ ತೊಳೆಯಬೇಡಿ. ಒಳಗಿನಿಂದ ಹೊರಕ್ಕೆ ಮೆಲ್ಲಗೆ ಗಾಳಿ ಹೊಡೆಸಿ, ಕಪ್ಪಾಗಿದ್ದರೆ ಬದಲಿಸಿ. ಎಂಜಿನ್ ಆಯಿಲ್ ಕೂಡ ಅಷ್ಟೆ. ಕಾರಿನ ಪುಸ್ತಕದಲ್ಲಿ ಧೂಳಿನ ರಸ್ತೆಗೆ ಬೇರೆ, ಕಡಿಮೆ ಅಂತರದ ಲೆಕ್ಕ ಇರುತ್ತದೆ. ನಮಗೆ ಅನ್ವಯಿಸುವುದು ಅದೇ. ಓಡಿಸುವುದು ಕಡಿಮೆಯಾದರೂ ವರ್ಷಕ್ಕೊಮ್ಮೆ ಬದಲಿಸಿ.

ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಸುರಿಯುವುದು ನಮ್ಮಲ್ಲಿ ಸಾಮಾನ್ಯ. ನಮ್ಮ ಭಾಗದ ಸವಳು ನೀರು ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ನೋಡಿದ್ದೀರಲ್ಲ, ರೇಡಿಯೇಟರ್‌ನ ಸಣ್ಣ ನಾಳಗಳಲ್ಲೂ ಅದೇ ಪೊರೆ ಕಟ್ಟುತ್ತದೆ. ಆಮೇಲೆ ಎಂಜಿನ್ ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಕೂಲಂಟ್ ಹಾಕಿಸಿ. ದಾರಿಯಲ್ಲಿ ಅನಿವಾರ್ಯವಾಗಿ ನೀರು ಹಾಕಿದರೆ ಊರಿಗೆ ಬಂದ ಮೇಲೆ ತೆಗೆಸಿ. ಎಂಜಿನ್ ಬಿಸಿ ಇದ್ದಾಗ ಮುಚ್ಚಳ ತೆಗೆಯಬೇಡಿ.

ಬೇಸಿಗೆಯಲ್ಲಿ ಟೈರಿಗೆ ಗಾಳಿ ಕಡಿಮೆ ಇಡಿ ಎಂಬ ಫಾರ್ವರ್ಡ್ ತಪ್ಪು. ಗಾಳಿ ಕಡಿಮೆಯಾದರೆ ಟೈರ್ ಹೆಚ್ಚು ಬಳುಕಿ, ಹೆಚ್ಚು ಬಿಸಿಯಾಗಿ ಸಿಡಿಯುತ್ತದೆ. ಬಾಗಿಲಿನ ಚೌಕಟ್ಟಿನಲ್ಲಿ ಅಥವಾ ಪುಸ್ತಕದಲ್ಲಿ ಬರೆದಷ್ಟು ಗಾಳಿಯನ್ನು, ಟೈರ್ ತಣ್ಣಗಿದ್ದಾಗ ಹಾಕಿಸಿ. ನೈಟ್ರೋಜನ್ನೇ ಬೇಕೆಂದಿಲ್ಲ, ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಟೈರಿನ ಪಕ್ಕದ ನಾಲ್ಕು ಅಂಕಿಯನ್ನೂ ಓದಿ: 2315 ಎಂದಿದ್ದರೆ ಅದು 2015ರ 23ನೇ ವಾರದಲ್ಲಿ ತಯಾರಾದದ್ದು. ಅಷ್ಟು ಹಳೆಯದಾದರೆ ಗುಂಡಿ ಉಳಿದಿದ್ದರೂ ನಂಬಬೇಡಿ.

ಬಿಸಿಲಿನಲ್ಲಿ ಫುಲ್ ಟ್ಯಾಂಕ್ ಮಾಡಿಸಿದರೆ ಸ್ಫೋಟವಾಗುತ್ತದೆ ಎಂಬುದನ್ನು ಇಂಡಿಯನ್ ಆಯಿಲ್ ಅಲ್ಲಗಳೆದಿದೆ. ನಾಜಲ್ ತಾನಾಗಿ ನಿಂತಲ್ಲಿಗೆ ನಿಲ್ಲಿಸಿ, ಕತ್ತಿನವರೆಗೆ ತುಂಬಿಸಬೇಡಿ, ಅಷ್ಟು ಸಾಕು.

ಗ್ರೂಪಿಗೆ ಕಳುಹಿಸುವುದಾದರೆ ಇಷ್ಟು ಕಳುಹಿಸಿ

1. ಇ20ಯಿಂದ ಹಳೆಯ ಕಾರಿನ ಮೈಲೇಜ್ ಸ್ವಲ್ಪ ಇಳಿಯುತ್ತದೆ. ಎಂಜಿನ್ ಏಕಾಏಕಿ ಹಾಳಾಗುವುದಿಲ್ಲ.
2. ಪೆಟ್ರೋಲ್ ಪೈಪು, ಓ-ರಿಂಗ್, ಫಿಲ್ಟರ್ ಈ ಸರ್ವೀಸಿನಲ್ಲೇ ನೋಡಿಸಿ.
3. ಪೆಟ್ರೋಲ್ ವಾಸನೆ ಬಂದರೆ ಗಾಡಿ ಓಡಿಸದೆ ಮೆಕ್ಯಾನಿಕ್‌ನನ್ನು ಕರೆಸಿ.
4. ಸೀಮೆಎಣ್ಣೆ, ಗುಳಿಗೆ, ಮನೆಯ ಗ್ಯಾಸ್ ಬೇಡ.
5. ಏರ್ ಫಿಲ್ಟರ್, ಆಯಿಲ್, ಕೂಲಂಟ್, ಟೈರಿನ ಗಾಳಿ: ಈ ನಾಲ್ಕನ್ನು ಮರೆಯಬೇಡಿ.

ನಡುರಾತ್ರಿ ಆಸ್ಪತ್ರೆಗೆ ಹೊರಟಾಗ ಹಳೆಯ ಕಾರು ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗಬೇಕೆಂದರೆ ಬೇಕಾದದ್ದು ಇಷ್ಟೇ.