ಎರಡು ಗಡಿಯಾರ, ಮೂರು ನಿಮಿಷ: ಗಡಿಯಾರ ಸಂಕೇತದ ಆವೃತ್ತಿಯನ್ನು ಸ್ಥಿರವಾಗಿಡುವ ಬಗೆ

ಒಂಬತ್ತನೇ ತರಗತಿಗೆ ‘ಶಬ್ದ’ ಅಧ್ಯಾಯದ ಆವೃತ್ತಿಯನ್ನು ಕಲಿಸುವುದು ಬೋಧನಾಭ್ಯಾಸದಲ್ಲಿ ನನ್ನ ಆರನೆಯ ಪಾಠವಾಗಿತ್ತು. ನಿತ್ಯಜೀವನದ ಉದಾಹರಣೆಯಾಗಿ ಗೋಡೆ ಗಡಿಯಾರವನ್ನು ತೋರಿಸಿ, ಅದರೊಳಗಿನ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮಿಸ್, ನಮ್ಮ ಕ್ಲಾಸಿನ ಗಡಿಯಾರ, ಲ್ಯಾಬಿನ ಗಡಿಯಾರ ಎರಡನ್ನೂ ಜೂನ್‌ನಲ್ಲಿ ಒಂದೇ ಟೈಮಿಗೆ ಇಟ್ಟಿದ್ವಿ. ಈಗ ಮೂರು ನಿಮಿಷ ವ್ಯತ್ಯಾಸ ಇದೆ. ಎರಡರಲ್ಲೂ ಅದೇ ಹರಳು ಅಲ್ವಾ?”

“ಒಂದರ ಸೆಲ್ ವೀಕ್ ಆಗಿರಬೇಕು” ಎಂದು ಹೇಳಿ ನಾನು ಮುಂದಕ್ಕೆ ಹೋದೆ. ಪಾಠ ಮುಗಿದ ಮೇಲೆ ನೋಡಿದರೆ, ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: “ಸೆಲ್ ಎಂದು ನಿಮಗೆ ಹೇಗೆ ಗೊತ್ತು?” ನನಗೆ ಗೊತ್ತಿರಲಿಲ್ಲ. ಉತ್ತರ ಹುಡುಕುತ್ತಾ ನಾನು ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಹರಳು ಮಾಡುವ ಕೆಲಸ

ಕ್ವಾರ್ಟ್ಸ್ ಹರಳನ್ನು ಒತ್ತಿದರೆ ಅದರ ಮೇಲ್ಮೈಯಲ್ಲಿ ವಿದ್ಯುದಾವೇಶ ಮೂಡುತ್ತದೆ. ಪಿಯರೆ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಕ್ಯೂರಿ 1880ರಲ್ಲಿ ಈ ಗುಣವನ್ನು ಪ್ರಕಟಿಸಿದರು. ಇದಕ್ಕೆ ವಿರುದ್ಧವಾದ ಕ್ರಿಯೆಯೂ ಉಂಟು: ವಿದ್ಯುತ್ ಕೊಟ್ಟರೆ ಹರಳು ಬಾಗುತ್ತದೆ. ಗಡಿಯಾರದ ಹರಳನ್ನು ಪುಟ್ಟ ಶ್ರುತಿಕವೆಯ ಆಕಾರದಲ್ಲಿ ಕತ್ತರಿಸಿರುತ್ತಾರೆ. ಮಂಡಲವು ಅದಕ್ಕೆ ತಕ್ಕ ಸಮಯದಲ್ಲಿ ಸಣ್ಣ ತಳ್ಳು ಕೊಡುತ್ತಾ ಹೋಗುತ್ತದೆ, ಉಯ್ಯಾಲೆಯನ್ನು ಅದರ ಲಯಕ್ಕೆ ತಳ್ಳಿದ ಹಾಗೆ.

32,768 ಎಂಬ ಸಂಖ್ಯೆ 2ರ 15ನೇ ಘಾತ. ಅದನ್ನು 15 ಸಲ ಅರ್ಧ ಮಾಡಿದರೆ 1 ಉಳಿಯುತ್ತದೆ. ಗಡಿಯಾರದ ಚಿಪ್ ಇದನ್ನೇ ಮಾಡಿ ಸೆಕೆಂಡಿಗೆ ಒಂದು ಮಿಡಿತ ಪಡೆಯುತ್ತದೆ. ಈ ಭಾಗಾಕಾರದಲ್ಲಿ ತಪ್ಪಾಗುವುದಿಲ್ಲ. ಆದ್ದರಿಂದ ಗಡಿಯಾರ ತಪ್ಪಿದರೆ ಹರಳಿನ ಆವೃತ್ತಿಯೇ ತುಸು ತಪ್ಪಿದೆ ಎಂದರ್ಥ.

ಆವೃತ್ತಿ ಏಕೆ ತಪ್ಪುತ್ತದೆ?

ಮೊದಲನೆಯದು ತಯಾರಿಕೆಯ ವ್ಯತ್ಯಾಸ. ಸಾಮಾನ್ಯ ಗಡಿಯಾರದ ಹರಳಿಗೆ ಹತ್ತು ಲಕ್ಷಕ್ಕೆ 20 ಭಾಗದಷ್ಟು ಹೆಚ್ಚುಕಡಿಮೆಗೆ ಅವಕಾಶವಿರುತ್ತದೆ. ಒಂದು ದಿನಕ್ಕೆ 86,400 ಸೆಕೆಂಡ್. ಅಂದರೆ ದಿನಕ್ಕೆ ಸುಮಾರು 1.7 ಸೆಕೆಂಡ್, ತಿಂಗಳಿಗೆ ಸುಮಾರು 52 ಸೆಕೆಂಡ್.

ಎರಡನೆಯದು ತಾಪ. ಈ ಬಗೆಯ ಹರಳು ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ವೇಗವಾಗಿ ಕಂಪಿಸುತ್ತದೆ. ಅದಕ್ಕಿಂತ ಬಿಸಿಯಾದರೂ ತಣ್ಣಗಾದರೂ ನಿಧಾನವಾಗುತ್ತದೆ. ತಾಪದ ವ್ಯತ್ಯಾಸದ ವರ್ಗವನ್ನು 0.035ರಿಂದ ಗುಣಿಸಿದರೆ ಹತ್ತು ಲಕ್ಷಕ್ಕೆ ಎಷ್ಟು ಭಾಗ ಇಳಿಯಿತು ಎಂಬುದು ಸರಿಸುಮಾರು ಸಿಗುತ್ತದೆ. 40 ಡಿಗ್ರಿಯಲ್ಲಿ ವ್ಯತ್ಯಾಸ 15, ಅದರ ವರ್ಗ 225. ಇಳಿಕೆ ಸುಮಾರು 8 ಭಾಗ, ದಿನಕ್ಕೆ 0.7 ಸೆಕೆಂಡ್.

ಮೂರನೆಯದು ಹರಳಿಗೆ ಜೋಡಿಸಿದ ಧಾರಕಗಳು. ಅವುಗಳ ಬೆಲೆ ನಿಗದಿಗಿಂತ ಹೆಚ್ಚಾದರೆ ಆವೃತ್ತಿ ತುಸು ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಇದರ ಜೊತೆಗೆ ವರ್ಷಗಳು ಕಳೆದಂತೆ ಹರಳು ಹಳತಾಗುವುದರಿಂದಲೂ ಸ್ವಲ್ಪ ಬದಲಾವಣೆ ಆಗುತ್ತದೆ.

ನಿಖರತೆ ಬೇರೆ, ಸ್ಥಿರತೆ ಬೇರೆ

ನಾನೇ ಗೊಂದಲ ಮಾಡಿಕೊಂಡಿದ್ದ ಪರಿಕಲ್ಪನೆ ಇದು. ದಿನವೂ ತಪ್ಪದೆ 2 ಸೆಕೆಂಡ್ ಮುಂದೆ ಹೋಗುವ ಗಡಿಯಾರ ನಿಖರವಲ್ಲ, ಆದರೆ ಸ್ಥಿರ. ಅದರ ತಪ್ಪು ಮೊದಲೇ ಗೊತ್ತಿರುವುದರಿಂದ ಲೆಕ್ಕದಲ್ಲಿ ಕಳೆದುಬಿಡಬಹುದು. ಇವತ್ತು 2 ಸೆಕೆಂಡ್ ಮುಂದೆ, ನಾಳೆ 3 ಸೆಕೆಂಡ್ ಹಿಂದೆ ಎನ್ನುವ ಗಡಿಯಾರವನ್ನು ಹಾಗೆ ಸರಿಪಡಿಸಲಾಗದು. ಉಪಕರಣಗಳಲ್ಲಿ ಸ್ಥಿರತೆಗೆ ಇಷ್ಟು ಬೆಲೆ ಇರುವುದು ಇದಕ್ಕಾಗಿ.

ಸ್ಥಿರವಾಗಿಡುವ ಉಪಾಯಗಳು

ರೋಧಕ ಮತ್ತು ಧಾರಕ ಮಾತ್ರ ಇರುವ ಅಗ್ಗದ ಆಂದೋಲಕದಲ್ಲಿ ಶೇಕಡ 1ರಷ್ಟು ತಪ್ಪು ಸಾಮಾನ್ಯ. ಸಮಯ ತೋರಿಸಲು ಬಳಸಿದರೆ ಅದು ದಿನಕ್ಕೆ 14 ನಿಮಿಷ ತಪ್ಪುತ್ತದೆ. ಹರಳು ಬಳಸುವುದೇ ಮೊದಲ ಉಪಾಯ. ಮೊಬೈಲ್ ಫೋನ್, ಜಿಪಿಎಸ್ ಗ್ರಾಹಕಗಳಂಥವುಗಳಲ್ಲಿ ತಾಪವನ್ನು ಅಳೆದು, ಅದಕ್ಕೆ ತಕ್ಕಂತೆ ಆವೃತ್ತಿಯನ್ನು ತಿದ್ದುವ ಹರಳು ಆಂದೋಲಕಗಳಿವೆ. ಹತ್ತು ಲಕ್ಷಕ್ಕೆ 2 ಭಾಗದ ಮಟ್ಟಕ್ಕೆ ಬಂದರೆ ದಿನದ ತಪ್ಪು 0.2 ಸೆಕೆಂಡಿಗಿಂತ ಕಡಿಮೆ. ಇನ್ನೂ ಹೆಚ್ಚಿನ ಸ್ಥಿರತೆ ಬೇಕಾದಲ್ಲಿ ಹರಳನ್ನು ಚಿಕ್ಕ ಬಿಸಿಗೂಡಿನಲ್ಲಿಟ್ಟು, ಹೊರಗಿನ ವಾತಾವರಣಕ್ಕಿಂತ ಹೆಚ್ಚಿನ ಒಂದೇ ತಾಪದಲ್ಲಿ ಕಾಯುತ್ತಾರೆ.

ಕಂಪ್ಯೂಟರಿನ ಪ್ರೊಸೆಸರ್‌ಗೆ ಗಿಗಾಹರ್ಟ್ಸ್ ವೇಗ ಬೇಕು, ಆದರೆ ಹರಳು ಅಷ್ಟು ವೇಗವಾಗಿ ಕಂಪಿಸುವುದಿಲ್ಲ. ಅಲ್ಲಿ ಫೇಸ್ ಲಾಕ್ಡ್ ಲೂಪ್ ಎಂಬ ಮಂಡಲವಿದೆ. ಅದು ವೇಗದ ಆಂದೋಲಕದ ಸಂಕೇತವನ್ನು ಭಾಗಿಸಿ ಹರಳಿನದರೊಂದಿಗೆ ಹೋಲಿಸುತ್ತದೆ, ವ್ಯತ್ಯಾಸ ಕಂಡರೆ ತಿದ್ದುತ್ತದೆ. ಹರಳಿನದು 25 ಮೆಗಾಹರ್ಟ್ಸ್ ಆಗಿದ್ದು 120ರಿಂದ ಭಾಗಿಸಿದರೆ, ವೇಗದ ಆಂದೋಲಕ 3 ಗಿಗಾಹರ್ಟ್ಸ್‌ನಲ್ಲಿ ನಿಲ್ಲುತ್ತದೆ.

ಮತ್ತೆ ತರಗತಿಗೆ

ಮುಂದಿನ ಪಾಠದ ಆರಂಭದಲ್ಲೇ ಹೇಳಿದೆ: “ಮೊನ್ನೆ ನಾನು ಹೇಳಿದ ಸೆಲ್ ಉತ್ತರ ಊಹೆ ಅಷ್ಟೇ. ಅದು ಸರಿಯೋ ತಪ್ಪೋ, ನಾವೇ ನೋಡೋಣ.” ಎರಡೂ ಗಡಿಯಾರಗಳನ್ನು ನನ್ನ ಫೋನಿನ ಸಮಯಕ್ಕೆ ಹೊಂದಿಸಿ, ಪ್ರತಿದಿನ ಪ್ರಾರ್ಥನೆಯ ನಂತರ ವ್ಯತ್ಯಾಸ ಬರೆಯುವಂತೆ ಒಂದು ಗುಂಪಿಗೆ ವಹಿಸಿದೆ. 10 ದಿನಗಳಲ್ಲಿ ಲ್ಯಾಬಿನ ಗಡಿಯಾರ 12 ಸೆಕೆಂಡ್ ಮುಂದೆ ಹೋಗಿತ್ತು, ತರಗತಿಯದು 7 ಸೆಕೆಂಡ್ ಹಿಂದೆ ಬಿದ್ದಿತ್ತು. ಆಮೇಲೆ ಸೆಲ್‌ಗಳನ್ನು ಅದಲುಬದಲು ಮಾಡಿ ಮತ್ತೆ 10 ದಿನ ನೋಡಿದೆವು. ಈ ಸಲವೂ ಲ್ಯಾಬಿನದೇ ಮುಂದೆ, ತರಗತಿಯದೇ ಹಿಂದೆ. ಅಂದರೆ ತಪ್ಪು ಸೆಲ್ಲಿನ ಜೊತೆ ಹೋಗಲಿಲ್ಲ, ಗಡಿಯಾರದಲ್ಲೇ ಉಳಿಯಿತು.

ಪ್ರಶ್ನೆ ಕೇಳಿದ ಹುಡುಗಿಯೇ ಕಪ್ಪುಹಲಗೆಯ ಮೇಲೆ ಲೆಕ್ಕ ಹಾಕಿದಳು. ದಿನಕ್ಕೆ 1.2 ಮತ್ತು 0.7 ಸೇರಿ 1.9 ಸೆಕೆಂಡ್. ಜೂನ್‌ನಿಂದ ಅವಳು ಪ್ರಶ್ನೆ ಕೇಳಿದ ದಿನದವರೆಗೆ ಸುಮಾರು 90 ದಿನ. 171 ಸೆಕೆಂಡ್, ಮೂರು ನಿಮಿಷಕ್ಕೆ 9 ಸೆಕೆಂಡ್ ಕಡಿಮೆ. “ಅಂದ್ರೆ ಎರಡೂ ಕೆಟ್ಟಿಲ್ಲ ಮಿಸ್” ಎಂದಳು. ಹೌದು, ಎರಡೂ ಹತ್ತು ಲಕ್ಷಕ್ಕೆ 20 ಭಾಗದ ಮಿತಿಯೊಳಗೇ ಇದ್ದವು.

ಈ ಚಟುವಟಿಕೆಗೆ ಎರಡು ಗಡಿಯಾರ, ಒಂದು ಫೋನ್, ಒಂದು ನೋಟ್‌ಬುಕ್ ಸಾಕು. ಫೋನಿನಲ್ಲಿ ಸಮಯ ತಾನಾಗಿ ಹೊಂದಿಕೊಳ್ಳುವ ಆಯ್ಕೆ ಚಾಲೂ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ವೀಕ್ಷಣಾ ಪುಸ್ತಕದ ಆ ಒಂದು ಸಾಲನ್ನು ನಾನೀಗ ಪ್ರತಿ ಪಾಠಯೋಜನೆಯ ಅಂಚಿನಲ್ಲಿ ಬರೆದುಕೊಳ್ಳುತ್ತೇನೆ: ನಿಮಗೆ ಹೇಗೆ ಗೊತ್ತು?