ಸಿಕ್ಕಿಕೊಂಡ ಕೊಳವೆಯನ್ನು ಬಿಡಿಸುವುದು ಹೇಗೆ?

ಮಕ್ಕಳೇ, ಒಂದರೊಳಗೊಂದು ಇಟ್ಟ ಎರಡು ಸ್ಟೀಲ್ ಲೋಟಗಳು ಗಟ್ಟಿಯಾಗಿ ಸಿಕ್ಕಿಕೊಂಡು, ಎಷ್ಟು ಎಳೆದರೂ ಬಿಡದಿರುವುದನ್ನು ನೀವು ನೋಡಿರಬಹುದು. ಆಗ ಮನೆಯಲ್ಲಿ ಏನು ಮಾಡುತ್ತಾರೆ? ಒಳಗಿನ ಲೋಟಕ್ಕೆ ತಣ್ಣೀರು ತುಂಬಿ, ಹೊರಗಿನ ಲೋಟವನ್ನು ಬಿಸಿನೀರಿನ ಪಾತ್ರೆಯಲ್ಲಿ ಇಡುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಲೋಟ ಸಲೀಸಾಗಿ ಹೊರಬರುತ್ತದೆ. ಇದೇ ಉಪಾಯ ಹಳೆಯ ಹಿತ್ತಾಳೆ ವಾದ್ಯಕ್ಕೂ ನಡೆಯುತ್ತದೆ.

ಬೆಂಗಳೂರಿನ ದಂಡು ಪ್ರದೇಶಕ್ಕೂ ಹಿತ್ತಾಳೆ ವಾದ್ಯಗಳಿಗೂ ಬಹಳ ಹಿಂದಿನ ನಂಟು. 1809ರಲ್ಲಿ ಬ್ರಿಟಿಷರು ಇಲ್ಲಿ ಸೈನ್ಯದ ನೆಲೆ ಸ್ಥಾಪಿಸಿದರು. ಸೈನ್ಯದೊಂದಿಗೆ ಬ್ಯಾಂಡೂ ಬಂತು. ಹಲಸೂರು ಕೆರೆಯ ಬಳಿ ಇರುವ ಮದ್ರಾಸ್ ಎಂಜಿನಿಯರ್ ಗ್ರೂಪ್ ಕೇಂದ್ರಕ್ಕೆ ತನ್ನದೇ ಸೇನಾ ಬ್ಯಾಂಡ್ ಇದೆ. ಮದುವೆ ಮೆರವಣಿಗೆಯಲ್ಲಿ ಬ್ಯಾಂಡ್‌ಸೆಟ್‌ನವರು ನುಡಿಸುವ ಟ್ರಂಪೆಟ್ಟನ್ನಂತೂ ನೀವೆಲ್ಲ ಕೇಳಿಯೇ ಇರುತ್ತೀರಿ.

ಒಮ್ಮೆ ಹಲಸೂರು ಕಡೆಯ ಶಾಲೆಯೊಂದಕ್ಕೆ ಹೋಗಿದ್ದೆ. ಏಳನೇ ತರಗತಿಯ ಹುಡುಗನೊಬ್ಬ ಬಟ್ಟೆಯಲ್ಲಿ ಸುತ್ತಿದ ಟ್ರಂಪೆಟ್ ತಂದು ತೋರಿಸಿದ. ಅವನ ತಾತ ಬ್ಯಾಂಡ್‌ಸೆಟ್‌ನಲ್ಲಿ ನುಡಿಸುತ್ತಿದ್ದರಂತೆ. ವರ್ಷಗಟ್ಟಲೆ ಅಟ್ಟದ ಮೇಲಿದ್ದ ವಾದ್ಯದ ಶ್ರುತಿ ಕೊಳವೆ ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ. ಮನೆಯಲ್ಲಿ ಯಾರೋ ಇಕ್ಕಳ ಹಾಕಿ ಎಳೆದಿದ್ದರು. ಕೊಳವೆಯ ಮೇಲೆ ಹಲ್ಲಿನ ಗುರುತು ಬಿದ್ದು, ಪಕ್ಕದ ಬೆಸುಗೆಯೊಂದು ಬಿಟ್ಟುಹೋಗಿತ್ತು. “ಸಾರ್, ಇದು ಸರಿಹೋಗುತ್ತಾ?” ಎಂದು ಕೇಳಿದ.

ಶ್ರುತಿ ಕೊಳವೆ ಎಂದರೆ ಇಂಗ್ಲಿಷಿನ ‘ಯು’ ಅಕ್ಷರದಂತೆ ಬಾಗಿದ ಕೊಳವೆ. ಅದರ ಎರಡು ತುದಿಗಳು ವಾದ್ಯದ ಎರಡು ಕೊಳವೆಗಳೊಳಗೆ ಜಾರುತ್ತವೆ. ಹೊರಕ್ಕೆ ಎಳೆದರೆ ಒಳಗಿನ ಗಾಳಿಯ ಕಂಬ ಉದ್ದವಾಗಿ ಶ್ರುತಿ ಇಳಿಯುತ್ತದೆ, ಒಳಕ್ಕೆ ತಳ್ಳಿದರೆ ಏರುತ್ತದೆ. ಅದು ಸಿಕ್ಕಿಕೊಂಡರೆ ವಾದ್ಯ ಊದಬಹುದು, ಆದರೆ ಉಳಿದವರ ಜೊತೆ ಶ್ರುತಿ ಕೂಡುವುದಿಲ್ಲ.

ಸಿಕ್ಕಿಕೊಳ್ಳುವುದು ಏಕೆ? ಹಿತ್ತಾಳೆ ಎಂಬುದು ತಾಮ್ರ ಮತ್ತು ಸತುವಿನ ಮಿಶ್ರಲೋಹ. ಊದುವವರ ಉಸಿರಿನಲ್ಲಿ ನೀರಾವಿಯೂ ಕಾರ್ಬನ್ ಡೈಆಕ್ಸೈಡೂ ಇರುತ್ತವೆ. ತಣ್ಣಗಿನ ಲೋಹಕ್ಕೆ ತಗುಲಿದ ಆವಿ ನೀರಾಗುತ್ತದೆ. ಈ ನೀರು, ಗಾಳಿ ಮತ್ತು ತಾಮ್ರ ಸೇರಿ ಹಸಿರು ಕಿಲುಬು ಹುಟ್ಟುತ್ತದೆ. ಕಿಲುಬು ತಾನು ತಿಂದ ಲೋಹಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಎರಡು ಕೊಳವೆಗಳ ನಡುವಿನ ಸಂದು ಕೂದಲಿಗಿಂತ ಕಿರಿದು. ಅದು ತುಂಬಿಕೊಳ್ಳಲು ಎಷ್ಟು ಕಿಲುಬು ಬೇಕು, ನೀವೇ ಊಹಿಸಿ! ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತೊಳೆದಿದ್ದರೆ ಸುಣ್ಣದಂಥ ಬಿಳಿ ಪದರವೂ ಇದರೊಂದಿಗೆ ಸೇರುತ್ತದೆ.

ಮೊದಲ ಮದ್ದು ಎಣ್ಣೆ. ಹೊಲಿಗೆ ಯಂತ್ರದ ತೆಳು ಎಣ್ಣೆಯನ್ನು ಸಂದಿನ ಅಂಚಿಗೆ ಒಂದೆರಡು ಹನಿ ಬಿಟ್ಟರೆ ಸಾಕು. ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವಂತೆ ಇಲ್ಲಿಯೂ ಎಣ್ಣೆ ತಾನಾಗಿಯೇ ಒಳಗೆ ನುಸುಳುತ್ತದೆ. ಸಂದು ಕಿರಿದಾದಷ್ಟೂ ಈ ಸೆಳೆತ ಜಾಸ್ತಿ. ಆದರೆ ನುಸುಳಲು ಸಮಯ ಬೇಕು, ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ. ಆ ಹುಡುಗನಿಗೆ ದಿನಕ್ಕೆರಡು ಬಾರಿ ಎಣ್ಣೆ ಬಿಟ್ಟು ಸುಮ್ಮನಿರಲು ಹೇಳಿದೆ. ಸುಮ್ಮನಿರುವುದೇ ಅವನಿಗೆ ಕಷ್ಟವಾಯಿತು.

ಎರಡನೆಯದು ಬಿಸಿ. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಬಳೆಯೊಂದನ್ನು ಕಾಯಿಸಿದರೆ ಅದರ ನಡುವಿನ ತೂತು ದೊಡ್ಡದಾಗುತ್ತದೋ ಚಿಕ್ಕದಾಗುತ್ತದೋ? ಲೋಹ ಒಳಕ್ಕೂ ಹಿಗ್ಗುವುದರಿಂದ ತೂತು ಚಿಕ್ಕದಾಗುತ್ತದೆ ಎಂದು ತರಗತಿಯಲ್ಲಿ ಅರ್ಧದಷ್ಟು ಮಂದಿ ಕೈ ಎತ್ತುತ್ತಾರೆ. ಅದು ತಪ್ಪು. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವಾಗ ಕಮ್ಮಾರರು ಪಟ್ಟಿಯನ್ನು ಕೆಂಪಗೆ ಕಾಯಿಸುತ್ತಾರಲ್ಲವೇ? ಪಟ್ಟಿಯ ಸುತ್ತಳತೆ ಹೆಚ್ಚುತ್ತದೆ, ತೂತೂ ಹಿಗ್ಗುತ್ತದೆ, ಮರದ ಚಕ್ರ ಒಳಗೆ ಕೂರುತ್ತದೆ.

ಹಿತ್ತಾಳೆ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 19 ಭಾಗದಷ್ಟು ಹಿಗ್ಗುತ್ತದೆ. 12 ಮಿ.ಮೀ. ಅಗಲದ ಕೊಳವೆ 60 ಡಿಗ್ರಿ ಬಿಸಿಯಾದರೆ ಸುಮಾರು 0.014 ಮಿ.ಮೀ. ಹಿಗ್ಗುತ್ತದೆ. ಕೂದಲಿನ ದಪ್ಪದ ಐದನೇ ಒಂದು ಭಾಗ, ಅಷ್ಟೇ! ಆದರೂ ಕಿಲುಬಿನ ಹಿಡಿತ ಬಿರುಕು ಬಿಡಲು ಅಷ್ಟು ಸಾಕಾಗಬಹುದು. ಒಂದು ಷರತ್ತಿದೆ: ಹೊರಗಿನ ಕೊಳವೆ ಮಾತ್ರ ಬಿಸಿಯಾಗಬೇಕು. ಇಡೀ ವಾದ್ಯವನ್ನು ಬಿಸಿನೀರಿನಲ್ಲಿ ಮುಳುಗಿಸಿಟ್ಟರೆ ಒಳಗಿನದೂ ಜೊತೆಗೇ ಹಿಗ್ಗಿ, ಹಿಡಿತ ಹಾಗೇ ಉಳಿಯುತ್ತದೆ. ಲೋಟಕ್ಕೆ ತಣ್ಣೀರು ತುಂಬಿದ್ದು ಇದಕ್ಕೇ.

ಹಾಗಾದರೆ ಬೆಂಕಿಯಲ್ಲೇ ಹಿಡಿದರೆ? ಬೇಡ. ವಾದ್ಯದ ಎಷ್ಟೋ ಭಾಗಗಳನ್ನು ತವರ ಮತ್ತು ಸೀಸದ ಬೆಸುಗೆಯಿಂದ ಕೂಡಿಸಿರುತ್ತಾರೆ. ಅದು ಸುಮಾರು 183 ಡಿಗ್ರಿಯಲ್ಲೇ ಕರಗತೊಡಗುತ್ತದೆ. ಸ್ಟವ್ ಉರಿಯ ಶಾಖ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ನುರಿತ ರಿಪೇರಿಯವರು ಸಣ್ಣ ಉರಿ ಬಳಸುತ್ತಾರೆ ನಿಜ, ಅವರ ಕೈಗೆ ಆ ಅಳತೆ ಗೊತ್ತು. ನಮಗೆ ಬಿಸಿನೀರೇ ಲೇಸು, ಅದನ್ನೂ ದೊಡ್ಡವರೇ ಸುರಿಯಲಿ. ನೀರು ಎಷ್ಟು ಕುದಿದರೂ 100 ಡಿಗ್ರಿ ದಾಟುವುದಿಲ್ಲ, ಬೆಸುಗೆಗೆ ಅಪಾಯವಿಲ್ಲ.

ನಾಲ್ಕನೇ ದಿನ ನಾವು ಹೊರಗಿನ ಕೊಳವೆಗಳ ಮೇಲೆ ಬಿಸಿನೀರು ಸುರಿದೆವು. ಕೂಡಲೇ ಬಾಗಿನೊಳಗೆ ದಪ್ಪ ಬಟ್ಟೆ ತೂರಿಸಿ, ಎರಡೂ ಕಡೆಗೆ ಸಮವಾಗಿ ಬಲ ಬೀಳುವಂತೆ ನೇರವಾಗಿ ಜಗ್ಗಿದೆವು. ಬರಲಿಲ್ಲ. ಆರಲು ಬಿಟ್ಟು, ಎಣ್ಣೆ ಹಾಕಿ, ಮತ್ತೆ ಬಿಸಿ ಮಾಡಿದೆವು. ಮೂರನೇ ಸಲ ‘ಟಕ್’ ಎಂದಿತು! ಹಸಿರು ಪುಡಿ ಉದುರಿತು. ಕಿಲುಬು ವಿಷ, ಆದ್ದರಿಂದ ಕೈ ತೊಳೆಯದೆ ಏನನ್ನೂ ಮುಟ್ಟಬೇಡಿ, ವಾದ್ಯ ಶುಚಿಯಾಗುವ ತನಕ ಊದಲೂ ಬೇಡಿ. ಹುಣಸೆಹಣ್ಣಿನ ಆಮ್ಲ ಕಿಲುಬನ್ನು ಕರಗಿಸುತ್ತದೆ, ಆದರೆ ನೆನೆಹಾಕಬೇಡಿ. ಬಹಳ ಹೊತ್ತು ಬಿಟ್ಟರೆ ಆಮ್ಲವು ಹಿತ್ತಾಳೆಯ ಸತುವನ್ನೂ ತಿಂದು ಗುಲಾಬಿ ಬಣ್ಣದ ಕಲೆ ಉಳಿಸುತ್ತದೆ.

ಅದೇ ಟ್ರಂಪೆಟ್ಟಿನ ಬಾಯಿತುಂಡೂ ಸಿಕ್ಕಿಕೊಂಡಿತ್ತು. ಅದರ ಆಕಾರ ಬೆಣೆಯಂತೆ. ಅಂಗೈಯಿಂದ ತಟ್ಟಿದಷ್ಟೂ ಬಿಗಿಯಾಗುತ್ತದೆ. ತಿರುಚಿದರೆ ತೆಳ್ಳಗಿನ ಕೊಳವೆಯೇ ನುಲಿದುಕೊಳ್ಳುತ್ತದೆ. ಅದನ್ನು ನೇರವಾಗಿ ಎಳೆಯುವ ತಿರುಪಿನ ಸಾಧನ ರಿಪೇರಿಯವರಲ್ಲಿದೆ. ಒತ್ತುವ ಪಿಸ್ಟನ್ನುಗಳನ್ನೂ ಬಿಟ್ಟ ಬೆಸುಗೆಯನ್ನೂ ಅವರಿಗೇ ಬಿಟ್ಟೆವು.

ಈಗ ನಿಮಗೊಂದು ಲೆಕ್ಕ. ಟ್ರಂಪೆಟ್ಟಿನ ಒಟ್ಟು ಕೊಳವೆ ಸುಮಾರು 150 ಸೆಂ.ಮೀ. ಉದ್ದ. ಒಳಗಿನ ಗಾಳಿ 18 ಡಿಗ್ರಿಯಿಂದ 30 ಡಿಗ್ರಿಗೆ ಬಿಸಿಯಾದರೆ ಶಬ್ದದ ವೇಗ ಸೆಕೆಂಡಿಗೆ 342 ಮೀಟರಿನಿಂದ 349 ಮೀಟರಿಗೆ ಏರುತ್ತದೆ, ಶ್ರುತಿ ಸುಮಾರು ಶೇಕಡಾ 2ರಷ್ಟು ಹೆಚ್ಚುತ್ತದೆ. ಅದನ್ನು ಇಳಿಸಲು ಗಾಳಿಯ ಕಂಬವೂ ಶೇಕಡಾ 2ರಷ್ಟು ಉದ್ದವಾಗಬೇಕು. ಹಾಗಾದರೆ ಶ್ರುತಿ ಕೊಳವೆಯನ್ನು ಎಷ್ಟು ಹೊರಕ್ಕೆ ಎಳೆಯಬೇಕು? 3 ಸೆಂ.ಮೀ. ಎಂದವರು ಆ ಕೊಳವೆಯ ಆಕಾರವನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ.