ಕೊನೆಯ ಯತ್ನಕ್ಕೆ ನಿಂತ ವಂಡ್ಸೆ ಮಾಣಿ

ಮೊದಲ ಯತ್ನ ಕೈಕೊಟ್ಟಿತು. ಎರಡನೆಯದೂ ಕೈಕೊಟ್ಟಿತು. 2018ರ ಏಪ್ರಿಲ್ 5ರಂದು ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ, ಕಾಮನ್‌ವೆಲ್ತ್ ಕ್ರೀಡಾಕೂಟದ ಪದಕ ಸ್ಪರ್ಧೆಗಳ ಮೊದಲ ದಿನ, ಕುಂದಾಪುರ ತಾಲ್ಲೂಕಿನ ವಂಡ್ಸೆಯ ಗುರುರಾಜ ಪೂಜಾರಿ ಅವರಿಗೆ ಉಳಿದದ್ದು ಒಂದೇ ಒಂದು ಯತ್ನ. ಸರಳಿಗೆ ಏರಿಸಿದ್ದ ಭಾರ 138 ಕೆ.ಜಿ.

ಆ ಹೊತ್ತಿನ ಕಷ್ಟ ಅರ್ಥವಾಗಬೇಕಾದರೆ ಆಟದ ನಿಯಮ ಸ್ವಲ್ಪ ಗೊತ್ತಿರಬೇಕು. ವೇಟ್‌ಲಿಫ್ಟಿಂಗ್‌ನಲ್ಲಿ ಎರಡು ಬಗೆಯ ಎತ್ತುವಿಕೆ. ನೆಲದಿಂದ ಒಂದೇ ಉಸಿರಿಗೆ ತಲೆಯ ಮೇಲೆ ಒಯ್ಯುವುದು ಸ್ನ್ಯಾಚ್. ಮೊದಲು ಹೆಗಲ ಮಟ್ಟಕ್ಕೆ ತಂದು, ನಿಂತು, ಆಮೇಲೆ ತಲೆಯ ಮೇಲೆ ಚಿಮ್ಮಿಸುವುದು ಕ್ಲೀನ್ ಅಂಡ್ ಜರ್ಕ್. ಎರಡರಲ್ಲೂ ಮೂರು ಮೂರು ಯತ್ನ. ಎರಡರ ಉತ್ತಮ ಭಾರ ಕೂಡಿಸಿದರೆ ಸಿಗುವ ಮೊತ್ತಕ್ಕೆ ಪದಕ. ಒಂದು ಬಗೆಯಲ್ಲಿ ಮೂರೂ ಯತ್ನ ತಪ್ಪಿದರೆ ಮೊತ್ತವೇ ಇಲ್ಲ. ಗುರುರಾಜ ಸ್ನ್ಯಾಚ್‌ನಲ್ಲಿ 111 ಕೆ.ಜಿ. ಎತ್ತಿ ಬಂದಿದ್ದರು. ಕ್ಲೀನ್ ಅಂಡ್ ಜರ್ಕ್‌ನ ಮೂರನೆಯ ಯತ್ನವೂ ಜಾರಿದ್ದರೆ ಆ 111 ಕೆ.ಜಿ. ಲೆಕ್ಕಕ್ಕೇ ಬರುತ್ತಿರಲಿಲ್ಲ.

138 ಕೆ.ಜಿ. ಎಂದರೆ ಎಷ್ಟು? ಪುರುಷರ ಸರಳಿನ ತೂಕವೇ 20 ಕೆ.ಜಿ. ಉಳಿದ 118 ಕೆ.ಜಿ. ಎರಡು ತುದಿಗಳಿಗೆ ಹಂಚಿಹೋಗುತ್ತದೆ, ಒಂದೊಂದು ಕಡೆಗೆ 59. ಅವರು ಸ್ಪರ್ಧಿಸಿದ್ದು 56 ಕೆ.ಜಿ. ವಿಭಾಗದಲ್ಲಿ. ಅಂದರೆ ಸರಳಿನ ಎಡತುದಿಯಲ್ಲಿ ಅವರಿಗಿಂತ ತೂಕದ ಒಬ್ಬ, ಬಲತುದಿಯಲ್ಲಿ ಇನ್ನೊಬ್ಬ ನೇತಾಡಿದ ಹಾಗೆ. ನಮ್ಮ ಕಡೆಯ ಹಳಬರಿಗೆ ಇನ್ನೊಂದು ಲೆಕ್ಕ ಹೇಳಬಹುದು. ಸುಮಾರು 40 ಕೆ.ಜಿ.ಯ ಅಕ್ಕಿಮುಡಿಯನ್ನು ತಲೆಯ ಮೇಲೆ ಹೊತ್ತು ನಡೆಯುತ್ತಿದ್ದವರನ್ನು ಇಡೀ ಊರು ಗಟ್ಟಿಗರೆಂದು ಕರೆಯುತ್ತಿತ್ತು. ಇಲ್ಲಿ ಅಂಥ ಮೂರು ಮುಡಿಗೂ ಮಿಕ್ಕಿದ ಭಾರವನ್ನು ಬರಿಗೈಯಲ್ಲಿ ತಲೆಯ ಮೇಲಕ್ಕೆ ಒಯ್ದು, ತೀರ್ಪುಗಾರರು ಸೂಚನೆ ಕೊಡುವ ತನಕ ಅಲುಗಾಡದೆ ಹಿಡಿಯಬೇಕು.

ಗುರುರಾಜ ಹಿಡಿದರು. ಒಟ್ಟು 249 ಕೆ.ಜಿ., ಬೆಳ್ಳಿ ಪದಕ. ಆ ಕೂಟದಲ್ಲಿ ಭಾರತದ ಖಾತೆ ತೆರೆದದ್ದು ಅದೇ ಪದಕ. ಚಿನ್ನ ಗೆದ್ದ ಮಲೇಷ್ಯಾದ ಇಝಾರ್ ಅಹ್ಮದ್ 261 ಕೆ.ಜಿ. ಎತ್ತಿ ಬಹಳ ಮುಂದಿದ್ದರು. ಕಂಚು ಪಡೆದ ಶ್ರೀಲಂಕಾದ ಚತುರಂಗ ಲಕ್ಮಲ್ ಎತ್ತಿದ್ದು 248. ನಡುವಿನ ಅಂತರ ಒಂದೇ ಕೆ.ಜಿ. ಅದೇ ದಿನ ಮೀರಾಬಾಯಿ ಚಾನು ಚಿನ್ನ ಗೆದ್ದರು. ದೇಶದ ಕಣ್ಣು ಅತ್ತ ಹೊರಳಿದ್ದು ಸಹಜ. ನಮ್ಮ ಕಡೆ ಮಾತ್ರ ಬಸ್‌ಸ್ಟ್ಯಾಂಡ್, ಹೋಟೆಲು, ಮೀನು ಮಾರ್ಕೆಟ್ಟು ಎಲ್ಲ ಕಡೆಯೂ ‘ನಮ್ಮೂರ್ ಮಾಣಿ’ಯದ್ದೇ ಮಾತು.

ಹೆಮ್ಮಾಡಿಯಲ್ಲಿ ಹೆದ್ದಾರಿ ಬಿಟ್ಟು ಕೊಲ್ಲೂರಿನ ಕಡೆ ತಿರುಗಿದರೆ ದಾರಿಯಲ್ಲಿ ಸಿಗುವ ಊರು ವಂಡ್ಸೆ. ಮೂಕಾಂಬಿಕೆಯ ದರ್ಶನಕ್ಕೆ ಹೋಗುವ ಲಕ್ಷಾಂತರ ಜನ ಈ ಊರನ್ನು ದಾಟುತ್ತಾರೆ, ನಿಲ್ಲುವವರು ಕಡಿಮೆ. 1992ರಲ್ಲಿ ಹುಟ್ಟಿದ ಗುರುರಾಜರದ್ದು ತುಂಬು ಸಂಸಾರ. ತಂದೆ ಪಿಕಪ್ ವಾಹನದ ಚಾಲಕ. ಎಂಟು ಜನರ ಮನೆಗೆ ಅವರ ದುಡಿಮೆಯೇ ಆಧಾರ. ಭಾರ ಎತ್ತುವವನಿಗೆ ಮೊಟ್ಟೆ, ಹಾಲು, ಮಾಂಸ, ಪೌಷ್ಟಿಕ ಪುಡಿ ಎಲ್ಲವೂ ಅಭ್ಯಾಸದಷ್ಟೇ ಮುಖ್ಯ. ಅಂಥ ಮನೆಯಲ್ಲಿ ಒಬ್ಬ ಮಗನ ತಟ್ಟೆಗೆ ಹೆಚ್ಚು ಬಡಿಸಬೇಕೆಂದರೆ ಉಳಿದವರು ಯಾವುದೋ ಒಂದನ್ನು ಬಿಡಬೇಕಾಗುತ್ತದೆ. ಈ ಪದಕದ ಕಥೆಯಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಅದೇ.

ಹುಡುಗ ಮೊದಲು ಹಿಡಿದದ್ದು ಕುಸ್ತಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಕಂಚು ಗೆದ್ದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಕೆ.ಡಿ. ಜಾಧವ್ ಗೆದ್ದ ಮೇಲೆ ಕುಸ್ತಿಯಲ್ಲಿ ಭಾರತಕ್ಕೆ ಸಿಕ್ಕ ಮೊದಲ ಒಲಿಂಪಿಕ್ ಪದಕ ಅದು. ಹದಿಹರೆಯದ ಗುರುರಾಜ ಅದನ್ನು ನೋಡಿ ಕುಸ್ತಿಪಟುವಾಗುವ ಕನಸು ಕಟ್ಟಿದರು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಆಟವೆಂದರೆ ಕಬಡ್ಡಿ, ವಾಲಿಬಾಲ್, ಕ್ರಿಕೆಟ್. ಬಯಲಿನಲ್ಲಿ ದೀಪ ಕಟ್ಟಿ ರಾತ್ರಿಯಿಡೀ ಪಂದ್ಯ ನಡೆಸುವ ಊರುಗಳಿವು. ಇಲ್ಲಿ ಕುಸ್ತಿಯನ್ನು ಹಿಡಿದದ್ದೇ ಒಂದು ಹಟ.

ಹಾದಿ ಹೊರಳಿದ್ದು ಉಜಿರೆಯಲ್ಲಿ. 2010ರಲ್ಲಿ ಊರಿನಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಎಸ್‌ಡಿಎಂ ಕಾಲೇಜಿಗೆ ಸೇರಿದರು. ಅಲ್ಲಿ ತರಬೇತುದಾರ ರಾಜೇಂದ್ರ ಪ್ರಸಾದ್ ಅವರ ಕಣ್ಣಿಗೆ ಬಿದ್ದ ಮೇಲೆ ಕುಸ್ತಿಯ ಅಖಾಡ ಬಿಟ್ಟು ಭಾರದ ಸರಳು ಹಿಡಿದರು. ಕುಳ್ಳಗಿನ ದೇಹ, ಗಟ್ಟಿ ಕಾಲು, ಕುಸ್ತಿಯಲ್ಲಿ ಪಳಗಿದ ಬೆನ್ನು. ವೇಟ್‌ಲಿಫ್ಟಿಂಗ್‌ನಲ್ಲಿ ಕುಳ್ಳತನ ಕುಂದಲ್ಲ, ಅನುಕೂಲ. ನೆಲದಿಂದ ಹೆಗಲಿಗೆ, ಹೆಗಲಿನಿಂದ ತಲೆಯ ಮೇಲಕ್ಕೆ ಸರಳು ಸಾಗಬೇಕಾದ ದೂರವೇ ಕಡಿಮೆ. ಒಳ್ಳೆಯ ಗುರು ಮಾಡುವ ಮೊದಲ ಕೆಲಸ ಇದು: ಹುಡುಗ ಆಸೆಪಟ್ಟ ಆಟವನ್ನಲ್ಲ, ಅವನ ದೇಹ ಕೇಳುವ ಆಟವನ್ನು ತೋರಿಸುವುದು.

ಅದೇ ಎತ್ತರ ಬೇರೆ ಕಡೆ ಅಡ್ಡ ಬಂತು. ಮನೆಗೆ ಸಂಬಳ ಬೇಕಿತ್ತು. ಭೂಸೇನೆಗೆ ಸೇರಲು ಹೋದರೆ ಎತ್ತರ ಸಾಲದೆಂದು ವಾಪಸ್ ಕಳಿಸಿದರು. ಆ ನಿರಾಸೆಯ ದಿನಗಳಲ್ಲೇ ವಾಯುಸೇನೆಯಲ್ಲಿ ಎತ್ತರಕ್ಕೆ ರಿಯಾಯಿತಿ ಇರುವುದು ತಿಳಿಯಿತು. ಅಲ್ಲಿ ಸೇರಿದ ಮೇಲೆ ಊಟ, ಸಂಬಳ, ಅಭ್ಯಾಸ ಮೂರಕ್ಕೂ ಒಂದು ನೆಲೆ ಸಿಕ್ಕಿತು. 2016ರಲ್ಲಿ ಗುವಾಹಟಿಯ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಚಿನ್ನ, ಅದೇ ವರ್ಷ ಮಲೇಷ್ಯಾದ ಪೆನಾಂಗ್‌ನಲ್ಲಿ ಕಾಮನ್‌ವೆಲ್ತ್ ಚಾಂಪಿಯನ್‌ಷಿಪ್ ಚಿನ್ನ. ಗೋಲ್ಡ್ ಕೋಸ್ಟ್‌ಗೆ ಅವರು ಬರಿಗೈಯಲ್ಲಿ ಹೋದವರಲ್ಲ.

ಬೆಳ್ಳಿ ಗೆದ್ದ ವರ್ಷವೇ ಇನ್ನೊಂದು ಬಾಗಿಲು ಮುಚ್ಚಿತು. ಅಂತರರಾಷ್ಟ್ರೀಯ ವೇಟ್‌ಲಿಫ್ಟಿಂಗ್ ಫೆಡರೇಷನ್ ತೂಕದ ವಿಭಾಗಗಳನ್ನೆಲ್ಲ ಬದಲಿಸಿತು. 56 ಕೆ.ಜಿ. ವಿಭಾಗ ಇಲ್ಲವಾಗಿ, 55 ಮತ್ತು 61 ಬಂದವು. ಗುರುರಾಜ 61ಕ್ಕೆ ಏರಿದರು. ಮೈಮೇಲೆ ಐದು ಕೆ.ಜಿ. ಹೆಚ್ಚಿದರೆ ಆಯಿತಲ್ಲ ಎಂದುಕೊಳ್ಳಬೇಡಿ. ಆ ಐದೂ ಕೆ.ಜಿ. ಕೊಬ್ಬಾಗದೆ ಬಲವಾಗಬೇಕು, ಎದುರಿಗೆ ನಿಲ್ಲುವವರು ಮೊದಲಿನಿಂದಲೂ ಆ ತೂಕದಲ್ಲೇ ಬೆಳೆದವರು. ಹೊಸ ವಿಭಾಗದಲ್ಲಿ ಅವರು ಗಟ್ಟಿಯಾಗಲು ವರ್ಷಗಳೇ ಹಿಡಿದವು. 2021ರ ಡಿಸೆಂಬರ್‌ನಲ್ಲಿ ತಾಷ್ಕೆಂಟ್‌ನ ಕಾಮನ್‌ವೆಲ್ತ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಬಂತು.

2022ರ ಜುಲೈ 30, ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಕ್ರೀಡಾಕೂಟ. ಸ್ನ್ಯಾಚ್ ಮುಗಿದಾಗ 118 ಕೆ.ಜಿ. ಎತ್ತಿದ್ದ ಗುರುರಾಜ ನಾಲ್ಕನೆಯ ಸ್ಥಾನದಲ್ಲಿದ್ದರು. ಮುಂದಿದ್ದ ಕೆನಡಾದ ಯೂರಿ ಸಿಮಾರ್ 119 ಎತ್ತಿದ್ದರು. ಕ್ಲೀನ್ ಅಂಡ್ ಜರ್ಕ್‌ನಲ್ಲಿ ಗುರುರಾಜ 144, ಆಮೇಲೆ 148 ಎತ್ತಿದರು. ಸಿಮಾರ್ 149 ಎತ್ತಿ ಒಟ್ಟು 268ಕ್ಕೆ ಮುಟ್ಟಿದರು. ಕಂಚು ಕೈತಪ್ಪಿದ ಹಾಗೆ ಕಂಡಿತು. ಮತ್ತೆ ಉಳಿದದ್ದು ಕೊನೆಯ ಯತ್ನ. ಈ ಸಲ ಸರಳಿಗೆ 151 ಹಾಕಿಸಿದರು. ಅದಕ್ಕೂ ಮೊದಲು ಅಷ್ಟು ಭಾರ ಅವರು ಎತ್ತಿದ್ದೇ ಇಲ್ಲ.

ಸರಳು ತಲೆಯ ಮೇಲೆ ನಿಂತಿತು. ಒಟ್ಟು 269, ಕಂಚು. ಅಂತರ ಮತ್ತೆ ಒಂದೇ ಕೆ.ಜಿ.

ಎರಡು ಕೂಟ, ಎರಡು ಪದಕ, ಎರಡೂ ಕಡೆ ಒಂದು ಕೆ.ಜಿ. ಇದನ್ನು ಅದೃಷ್ಟ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎದುರಾಳಿ ಎಷ್ಟು ಎತ್ತಿದ್ದಾನೆ, ಸರಳಿಗೆ ಎಷ್ಟು ಹಾಕಿಸಬೇಕು ಎಂಬ ಲೆಕ್ಕ ತರಬೇತುದಾರರದ್ದಿರಬಹುದು. ಆದರೆ ಆ ಲೆಕ್ಕವನ್ನು ನಿಜ ಮಾಡುವ ಬೆನ್ನು, ಮೊಣಕಾಲು ಒಬ್ಬನದ್ದೇ. ನಾಲ್ಕು ವರ್ಷಗಳಲ್ಲಿ ಗುರುರಾಜರ ಒಟ್ಟು ಭಾರ 249ರಿಂದ 269ಕ್ಕೆ ಏರಿತ್ತು. ಆ ಇಪ್ಪತ್ತು ಕೆ.ಜಿ. ಇರದಿದ್ದರೆ ಕೊನೆಯ ಒಂದು ಕೆ.ಜಿ. ಎಲ್ಲಿಂದ ಬರಬೇಕು?

ನಮ್ಮ ಮೂರು ತಾಲ್ಲೂಕಿನ ಶಾಲೆಗಳ ದೈಹಿಕ ಶಿಕ್ಷಣ ಶಿಕ್ಷಕರಲ್ಲಿ, ಆಟದ ತಂಡ ಕಟ್ಟುವ ಯುವಕ ಮಂಡಲಗಳ ಹಿರಿಯರಲ್ಲಿ ಒಂದು ಮಾತು. ವಾಲಿಬಾಲ್ ನೆಟ್ಟಿಗೆ ಕೈ ಎಟುಕುವುದಿಲ್ಲ ಎಂದು, ಓಟದಲ್ಲಿ ಹೆಜ್ಜೆ ಸಣ್ಣದೆಂದು ತಂಡದ ಹೊರಗೆ ನಿಲ್ಲುವ ಮಕ್ಕಳು ಪ್ರತಿ ಶಾಲೆಯಲ್ಲೂ ಇರುತ್ತಾರೆ, ಹುಡುಗರೂ ಹುಡುಗಿಯರೂ. ಅವರನ್ನು ಮನೆಗೆ ಕಳಿಸುವ ಮೊದಲು, ತಿಳಿದ ತರಬೇತುದಾರರ ಕಣ್ಣೆದುರು ಒಮ್ಮೆ ಭಾರದ ಸರಳಿನ ಮುಂದೆ ನಿಲ್ಲಿಸಿ ನೋಡಿ.